ಟನ್ನಿಗೆ 300 ಗ್ರಾಂ ನಯೋಬಿಯಂ: 1958ರ ಬಲವಾದ, ಪೆಡಸಾದ ಉಕ್ಕಿನ ಪ್ರಕರಣ

1958ರಲ್ಲಿ ಅಮೆರಿಕದ ಡೆಟ್ರಾಯಿಟ್ ಪಕ್ಕದ ಎಕೋರ್ಸ್‌ನಲ್ಲಿದ್ದ ಗ್ರೇಟ್ ಲೇಕ್ಸ್ ಸ್ಟೀಲ್ ಕಾರ್ಖಾನೆ ಒಂದು ಹೊಸ ಉಕ್ಕನ್ನು ಮಾರುಕಟ್ಟೆಗೆ ತಂದಿತು. ಅದು ಇಂಗಾಲ ಮತ್ತು ಮ್ಯಾಂಗನೀಸ್ ಇರುವ ಸಾಮಾನ್ಯ ಉಕ್ಕೇ. ಹೊಸದಾಗಿ ಸೇರಿದ್ದು ಶೇ. 0.005ರಿಂದ 0.03ರವರೆಗಿನ ನಯೋಬಿಯಂ ಎಂಬ ಲೋಹ ಮಾತ್ರ. ಮೇಲಿನ ಮಿತಿಯನ್ನೇ ಹಿಡಿದರೂ ಒಂದು ಟನ್ ಉಕ್ಕಿಗೆ ಬೀಳುವುದು 300 ಗ್ರಾಂ. ಆ ಕಾಲದ ಕಟ್ಟಡ ಉಕ್ಕಿನ ಯೀಲ್ಡ್ ಬಲ, ಅಂದರೆ ಲೋಹ ಮತ್ತೆ ಮೊದಲಿನ ಆಕಾರಕ್ಕೆ ಮರಳದಂತೆ ಬಾಗತೊಡಗುವ ಒತ್ತಡ, ಸುಮಾರು 230 ಮೆಗಾಪ್ಯಾಸ್ಕಲ್ ಇತ್ತು. ಹೊಸ ಉಕ್ಕು 310ರಿಂದ 415ರವರೆಗಿನ ದರ್ಜೆಗಳಲ್ಲಿ ಸಿಗತೊಡಗಿತು. ನಯೋಬಿಯಂ ಉಕ್ಕಿನ ಬಲ ಹೆಚ್ಚಿಸುತ್ತದೆ ಎಂಬುದಕ್ಕೆ 1939ರಷ್ಟು ಹಿಂದೆಯೇ ಪೇಟೆಂಟ್ ಸಿಕ್ಕಿತ್ತು. ಆದರೆ ಅದುವರೆಗೆ ಈ ಲೋಹ ಅಪರೂಪದ್ದು, ದುಬಾರಿಯದು. 1950ರ ದಶಕದಲ್ಲಿ ಬ್ರೆಜಿಲ್‌ನ ಅರಾಶಾ ಮತ್ತು ಕೆನಡಾದ ಓಕಾ ಪ್ರದೇಶಗಳಲ್ಲಿ ಪೈರೋಕ್ಲೋರ್ ಎಂಬ ನಯೋಬಿಯಂ ಅದಿರಿನ ನಿಕ್ಷೇಪ ಗೊತ್ತಾದ ಮೇಲೆ ಟನ್ನುಗಟ್ಟಲೆ ಉಕ್ಕಿಗೆ ಅದನ್ನು ಬಳಸುವ ಯೋಚನೆ ಕೈಗೆಟುಕಿತು.

ಕಾರ್ಖಾನೆಯವರಿಗೆ ನಯೋಬಿಯಂ ಹಿಡಿಸಲು ಇನ್ನೊಂದು ಕಾರಣವಿತ್ತು. ಆಗ ಉಕ್ಕನ್ನು ಇಂಗಾಟ್ ಅಚ್ಚುಗಳಿಗೆ ಸುರಿಯುತ್ತಿದ್ದರು. ಅಲ್ಯೂಮಿನಿಯಂ ಹಾಕಿ ಆಮ್ಲಜನಕವನ್ನು ಪೂರ್ತಿ ತೆಗೆದ ಉಕ್ಕು, ಅಂದರೆ ಕಿಲ್ಡ್ ಸ್ಟೀಲ್, ಅಚ್ಚಿನಲ್ಲಿ ಗಟ್ಟಿಯಾಗುವಾಗ ನಡುವೆ ಆಳವಾದ ಕುಳಿ ಬೀಳುತ್ತದೆ. ಆ ತಲೆಭಾಗವನ್ನು ಕತ್ತರಿಸಿ ಎಸೆಯಬೇಕು. ಅರೆಬರೆ ಆಮ್ಲಜನಕ ಉಳಿಸಿಕೊಂಡ ಸೆಮಿಕಿಲ್ಡ್ ಉಕ್ಕಿನಲ್ಲಿ ಈ ನಷ್ಟ ಕಡಿಮೆ. ಟೈಟೇನಿಯಂ ಅಥವಾ ಅಲ್ಯೂಮಿನಿಯಂ ಅನ್ನು ಸೆಮಿಕಿಲ್ಡ್ ಉಕ್ಕಿಗೆ ಹಾಕಿದರೆ ಅವು ಆಮ್ಲಜನಕದೊಡನೆ ಸೇರಿ ಕಿಟ್ಟವಾಗಿ ಹೋಗುತ್ತವೆ. ನಯೋಬಿಯಂಗೆ ಆಮ್ಲಜನಕದ ಸೆಳೆತ ಅಷ್ಟಿಲ್ಲ, ಹಾಕಿದ್ದರಲ್ಲಿ ಬಹುಪಾಲು ಉಕ್ಕಿನಲ್ಲೇ ಉಳಿಯುತ್ತದೆ. ಹೀಗಾಗಿ ಅಗ್ಗದ ವಿಧಾನದಲ್ಲಿ ತಯಾರಾದ ಉಕ್ಕಿಗೇ ಹೆಚ್ಚಿನ ಬಲ ಬಂತು.

ತೆಳುವಾದ ಹಾಳೆಗಳಲ್ಲಿ ಎಲ್ಲವೂ ಸರಿಯಿತ್ತು. ಇದೇ ಬಗೆಯ ಉಕ್ಕನ್ನು ದಪ್ಪ ಪ್ಲೇಟಾಗಿ ರೋಲ್ ಮಾಡಿದಾಗ ತೊಂದರೆ ಕಾಣಿಸಿತು. ಬಲ ಬಂತು, ತಾಳಿಕೆ, ಅಂದರೆ ಹೊಡೆತಕ್ಕೆ ಸೀಳದೆ ತಡೆಯುವ ಗುಣ, ಹೋಯಿತು. ಚಾರ್ಪಿ ಪರೀಕ್ಷೆಯಲ್ಲಿ ಸೀಳು ಕೊರೆದ ತುಂಡಿನ ಮೇಲೆ ಲೋಲಕದ ಸುತ್ತಿಗೆ ಬಿದ್ದರೆ, ನಯೋಬಿಯಂ ಇಲ್ಲದ ಉಕ್ಕಿಗಿಂತ ಹೆಚ್ಚಿನ ತಾಪಮಾನದಲ್ಲೇ ಅದು ಪೆಡಸಾಗಿ ಮುರಿಯುತ್ತಿತ್ತು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಎಂಬ ತೈಲಹಡಗು ಪೋರ್ಟ್‌ಲ್ಯಾಂಡ್ ಬಂದರಿನ ನಿಶ್ಚಲ ನೀರಿನಲ್ಲಿ ನಿಂತಲ್ಲೇ ಎರಡಾಗಿ ಸೀಳಿತ್ತು. ಬೆಸುಗೆ ಹಾಕಿದ ರಚನೆಗಳಿಗೆ ಬಲದಷ್ಟೇ ತಾಳಿಕೆಯೂ ಬೇಕು ಎಂಬುದು ಅಲ್ಲಿಂದ ಮುಂದೆ ಪ್ರತಿ ಎಂಜಿನಿಯರನಿಗೂ ಗೊತ್ತಿದ್ದ ಮಾತು.

ಅದೇ ನಯೋಬಿಯಂ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ, ಇಂದು ಮೈನಸ್ ನಲವತ್ತು ಡಿಗ್ರಿಯಲ್ಲೂ ಪೆಡಸಾಗದ ಪೈಪ್‌ಲೈನ್ ಉಕ್ಕನ್ನು ಕೊಡುತ್ತಿದೆ. ವ್ಯತ್ಯಾಸವಿರುವುದು ಆ ಪರಮಾಣುಗಳು ಯಾವ ತಾಪಮಾನದಲ್ಲಿ ಕರಗಿದ್ದವು, ಯಾವ ಹಂತದಲ್ಲಿ ಕಣವಾಗಿ ಹೊರಬಿದ್ದವು ಎಂಬುದರಲ್ಲಿ. (ಮುಂದಿನ ತಾಪಮಾನಗಳೆಲ್ಲ ಸೆಲ್ಸಿಯಸ್‌ನಲ್ಲಿ.)

ಒಂದು ಪರಮಾಣು, ಒಂದೇ ಕೆಲಸ

ಉಕ್ಕು ಕೆಂಪಗೆ ಕಾದಿರುವಾಗ ಅದರ ಹರಳು ರಚನೆ ಆಸ್ಟೆನೈಟ್. ತಣಿದಾಗ ಅದು ಫೆರೈಟ್ (ಬಹುತೇಕ ಶುದ್ಧ ಕಬ್ಬಿಣದ ಹರಳು) ಮತ್ತು ಪರ್ಲೈಟ್ (ಫೆರೈಟ್ ಮತ್ತು ಕಬ್ಬಿಣದ ಕಾರ್ಬೈಡ್ ಪದರಪದರವಾಗಿ ಸೇರಿದ್ದು) ಆಗಿ ಬದಲಾಗುತ್ತದೆ. ಲೋಹ ಬಾಗುವುದೆಂದರೆ ಫೆರೈಟ್ ಹರಳುಗಳ ಒಳಗಿನ ಡಿಸ್‌ಲೊಕೇಶನ್ ಎಂಬ ಗೆರೆದೋಷಗಳು ಜಾರುವುದು. ಅವನ್ನು ತಡೆದರೆ ಬಲ ಹೆಚ್ಚುತ್ತದೆ. ಕಾರ್ಖಾನೆಯಲ್ಲಿ ಈ ಹರಳುಗಳನ್ನು ಗ್ರೇನ್ ಅಂತಲೇ ಕರೆಯುವುದರಿಂದ ಇಲ್ಲೂ ಅದೇ ಪದ.

ನಯೋಬಿಯಂ ಇಂಗಾಲ ಮತ್ತು ಸಾರಜನಕದೊಡನೆ ಸೇರಿ ಕಾರ್ಬೋನೈಟ್ರೈಡ್ ಎಂಬ ಗಟ್ಟಿ ಕಣವಾಗುತ್ತದೆ. ಅದು ಮಾಡಬಹುದಾದ ಕೆಲಸಗಳು ಮೂರು. ಕುಲುಮೆಯಲ್ಲಿ ಕರಗದೆ ಉಳಿದ ಕಣ ಆಸ್ಟೆನೈಟ್ ಗ್ರೇನ್‌ಗಳ ಅಂಚನ್ನು ಹಿಡಿದು ಅವು ದಪ್ಪವಾಗದಂತೆ ನೋಡಿಕೊಳ್ಳುತ್ತದೆ. ಕುಲುಮೆಯಲ್ಲಿ ಕರಗಿ, ರೋಲಿಂಗ್ ವೇಳೆ ಹೊರಬಿದ್ದ ಕಣ ಚಪ್ಪಟೆಯಾದ ಆಸ್ಟೆನೈಟ್ ಮತ್ತೆ ದುಂಡಗಿನ ಹೊಸ ಗ್ರೇನ್‌ಗಳಾಗುವುದನ್ನು, ಅಂದರೆ ಪುನರ್‌ಹರಳೀಕರಣವನ್ನು, ತಡೆಯುತ್ತದೆ. ರೋಲಿಂಗ್ ಮುಗಿಯುವವರೆಗೂ ಕರಗಿಯೇ ಇದ್ದು, ಫೆರೈಟ್ ಹುಟ್ಟುವಾಗ ಹೊರಬಿದ್ದ ಕಣ ಕೆಲವೇ ನ್ಯಾನೊಮೀಟರ್ ಅಗಲವಿದ್ದು ಡಿಸ್‌ಲೊಕೇಶನ್‌ಗಳಿಗೆ ನೇರವಾಗಿ ಅಡ್ಡ ನಿಲ್ಲುತ್ತದೆ. ಮೊದಲ ಕೆಲಸಕ್ಕೆ ಖರ್ಚಾದ ಪರಮಾಣು ಮೂರನೆಯದಕ್ಕೆ ಸಿಗುವುದಿಲ್ಲ. ಈ ಇಡೀ ಪ್ರಕರಣ 300 ಗ್ರಾಂ ನಯೋಬಿಯಂ ಅನ್ನು ಈ ಮೂರು ಖಾತೆಗಳಿಗೆ ಹೇಗೆ ಹಂಚಬೇಕೆಂಬ ಲೆಕ್ಕ.

ಲೆಕ್ಕಕ್ಕೆ ಬೇಕಾದ ಕೀಲಿಕೈ ಬಂದದ್ದು 1967ರಲ್ಲಿ. ಇಂಗ್ಲೆಂಡಿನ ಅರ್ವಿನ್, ಪಿಕರಿಂಗ್ ಮತ್ತು ಗ್ಲಾಡ್‌ಮನ್ ಪ್ರಕಟಿಸಿದ ಕರಗುವಿಕೆಯ ಸೂತ್ರ ಇಂದಿಗೂ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದೆ:

ಲಾಗ್ [ನಯೋಬಿಯಂ × (ಇಂಗಾಲ + 12/14 ಸಾರಜನಕ)] = 2.26 − 6770 / ತಾಪಮಾನ

ಧಾತುಗಳು ತೂಕದ ಶೇಕಡಾವಾರಿನಲ್ಲಿ, ತಾಪಮಾನ ಕೆಲ್ವಿನ್‌ನಲ್ಲಿ, ಲಾಗ್ ಹತ್ತರ ಆಧಾರದ್ದು. 1958ರ ಬಗೆಯ ಉಕ್ಕಿಗೆ ಇದನ್ನು ಹಾಕಿ ನೋಡೋಣ: ಇಂಗಾಲ 0.20, ಮ್ಯಾಂಗನೀಸ್ 0.9, ಸಿಲಿಕಾನ್ 0.05, ಸಾರಜನಕ 0.005, ನಯೋಬಿಯಂ 0.03. ನಯೋಬಿಯಂ ಪೂರ್ತಿ ಕರಗಲು ಬೇಕಾದ ತಾಪ ಸುಮಾರು 1240 ಡಿಗ್ರಿ ಎಂದು ಬರುತ್ತದೆ. 1150 ಡಿಗ್ರಿಗೆ ಮಾತ್ರ ಕಾಯಿಸಿದರೆ 0.0156 ಕರಗಿ, ಉಳಿದರ್ಧ ದಪ್ಪ ಕಣವಾಗಿಯೇ ಇರುತ್ತದೆ. 920 ಡಿಗ್ರಿಯಲ್ಲಿ ಕರಗುವುದು 0.002ರಷ್ಟು, ಹಾಕಿದ್ದರಲ್ಲಿ ಹದಿನೈದನೆಯ ಒಂದು ಪಾಲು. ಈ ಮೂರು ಅಂಕಿಗಳನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಬಿಡಿಸಿಕೊಳ್ಳುತ್ತದೆ.

ಪ್ಲೇಟು ಪೆಡಸಾದದ್ದು ಹೇಗೆ

ದಪ್ಪ ಪ್ಲೇಟಿನ ಉಕ್ಕನ್ನು 1250 ಡಿಗ್ರಿ ಆಸುಪಾಸಿಗೆ ಕಾಯಿಸುವುದು ಆಗಿನ ರೂಢಿ. ಬಿಸಿ ಹೆಚ್ಚಿದ್ದಷ್ಟೂ ಮಿಲ್ಲಿನ ಮೇಲೆ ಭಾರ ಕಡಿಮೆ. ಆ ತಾಪದಲ್ಲಿ ನಯೋಬಿಯಂ ಎಲ್ಲ ಕರಗಿತು, ಮೊದಲ ಖಾತೆ ಖಾಲಿಯಾಯಿತು. ಗ್ರೇನ್‌ಗಳ ಅಂಚನ್ನು ಹಿಡಿಯುವವರಿಲ್ಲದೆ ಆಸ್ಟೆನೈಟ್ ಬೇಕಾದಷ್ಟು ದಪ್ಪವಾಗಿ ಬೆಳೆಯಿತು. ದಪ್ಪ ಪ್ಲೇಟಿಗೆ ರೋಲಿಂಗ್ ಪಾಸ್‌ಗಳು, ಅಂದರೆ ರೋಲುಗಳ ನಡುವೆ ಹಾಯುವ ಸರದಿಗಳು, ಕಡಿಮೆ; ಕೊನೆಯ ಪಾಸ್ ಸುಮಾರು 1000 ಡಿಗ್ರಿಯಲ್ಲೇ ಮುಗಿಯುತ್ತದೆ. ಅಷ್ಟು ಬಿಸಿಯಲ್ಲಿ ನಯೋಬಿಯಂ ಹೊರಬೀಳಲು ಅವಸರವಿಲ್ಲ, ಎರಡನೆಯ ಖಾತೆಗೂ ಹೆಚ್ಚೇನೂ ಹೋಗಲಿಲ್ಲ. ಬಹುಪಾಲು ನಯೋಬಿಯಂ ಮೂರನೆಯ ಖಾತೆಗೆ ಬಿತ್ತು. ದಪ್ಪ ಗ್ರೇನ್‌ನ ಫೆರೈಟ್, ಅದರ ತುಂಬ ಸೂಕ್ಷ್ಮ ಕಣಗಳು.

ಆ ಕಣಗಳ ಬಲವೇನೂ ಸಣ್ಣದಲ್ಲ. ಶೇ. 0.03 ನಯೋಬಿಯಂ ಕಾರ್ಬೈಡ್ ಆದರೆ ಉಕ್ಕಿನ ಗಾತ್ರದ ಹತ್ತು ಸಾವಿರದಲ್ಲಿ ಮೂರೂವರೆ ಪಾಲೂ ಇರದು. ಅದೇ 5 ನ್ಯಾನೊಮೀಟರ್ ಕಣಗಳಾಗಿ ಹರಡಿದರೆ ಒಂದು ಘನ ಮೈಕ್ರಾನ್ ಜಾಗದಲ್ಲಿ ಐದು ಸಾವಿರಕ್ಕೂ ಹೆಚ್ಚು ಕಣಗಳು. ಕಣಗಳ ಗಾತ್ರ ಮತ್ತು ಪ್ರಮಾಣದಿಂದ ಬಲ ಲೆಕ್ಕಹಾಕುವ ಆಶ್ಬಿ–ಓರೋವನ್ ಸೂತ್ರದ ಪ್ರಕಾರ ಇದರಿಂದ ಬರುವ ಹೆಚ್ಚುವರಿ ಬಲ 84 ಮೆಗಾಪ್ಯಾಸ್ಕಲ್. ಕಣಗಳು 20 ನ್ಯಾನೊಮೀಟರ್ ಆದರೆ 35ಕ್ಕೆ ಇಳಿಯುತ್ತದೆ, 100 ಆದರೆ ಬರೀ 10. ಅಷ್ಟೇ ತೂಕ, ಎಂಟು ಪಟ್ಟು ಅಂತರ. ಇಂಥ ಕಣಗಳು ಫೆರೈಟ್ ಹುಟ್ಟುವಾಗ ಅದರ ಮುಂದೊತ್ತುವ ಅಂಚಿನಲ್ಲೇ ಸಾಲುಸಾಲಾಗಿ ಬೀಳುತ್ತವೆ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ 1960ರ ದಶಕದಲ್ಲಿ ತೋರಿಸಿತು. ಶೆಫೀಲ್ಡ್‌ನಲ್ಲಿ ಮಾರಿಸನ್ ಮತ್ತು ವುಡ್‌ಹೆಡ್, ಆಮೇಲೆ ಕೇಂಬ್ರಿಜ್‌ನಲ್ಲಿ ಹನಿಕೂಂಬ್ ಅವರ ಬಳಗ ಈ ಕೆಲಸದಲ್ಲಿ ಮುಖ್ಯರು.

ಆದರೆ ಇಂಥ ಕಣ ಬಲ ಕೊಟ್ಟಾಗಲೆಲ್ಲ ತಾಳಿಕೆಯಲ್ಲಿ ಬಡ್ಡಿ ವಸೂಲು ಮಾಡುತ್ತದೆ. ಒಂದು ಮೆಗಾಪ್ಯಾಸ್ಕಲ್‌ಗೆ ಸಂಕ್ರಮಣ ತಾಪ, ಅಂದರೆ ಉಕ್ಕು ಪೆಡಸಾಗತೊಡಗುವ ತಾಪ, ಸುಮಾರು 0.3ರಿಂದ 0.5 ಡಿಗ್ರಿ ಮೇಲೇರುತ್ತದೆ. ಗ್ರೇನ್ ಸಣ್ಣದಾಗಿ ಬಂದ ಬಲದ ಗುಣ ಇದಕ್ಕೆ ತದ್ವಿರುದ್ಧ. 1951ರಲ್ಲಿ ಹಾಲ್, 1953ರಲ್ಲಿ ಪೆಚ್ ತೋರಿಸಿದಂತೆ ಯೀಲ್ಡ್ ಬಲ ಗ್ರೇನ್ ಅಗಲದ ವರ್ಗಮೂಲಕ್ಕೆ ವಿಲೋಮವಾಗಿ ಏರುತ್ತದೆ, ಮತ್ತು ಅದೇ ಹೊತ್ತಿಗೆ ಸಂಕ್ರಮಣ ತಾಪ ಇಳಿಯುತ್ತದೆ. ಬಲವನ್ನೂ ತಾಳಿಕೆಯನ್ನೂ ಒಟ್ಟಿಗೆ ಹೆಚ್ಚಿಸುವ ಪ್ರಮುಖ ದಾರಿ ಇದು. ಉಕ್ಕಿನ ವಿನ್ಯಾಸ ಗ್ರೇನ್‌ನಿಂದ ಶುರುವಾಗಬೇಕು, ಕಣದಿಂದಲ್ಲ ಎಂದು ಒತ್ತಿ ಹೇಳುವುದು ಇದಕ್ಕೇ.

ಪಿಕರಿಂಗ್ ಅವರ ಸೂತ್ರಗಳಲ್ಲಿ 1958ರ ಬಗೆಯ ದಪ್ಪ ಪ್ಲೇಟನ್ನು ತೂಗಿದರೆ ಚಿತ್ರ ನಿಚ್ಚಳವಾಗುತ್ತದೆ. ಯೀಲ್ಡ್ ಬಲಕ್ಕೆ: 53.9, ಮ್ಯಾಂಗನೀಸಿನ 32.3 ಪಟ್ಟು, ಸಿಲಿಕಾನಿನ 83.2 ಪಟ್ಟು, ಬಿಡಿ ಸಾರಜನಕದ (ಬೇರೆ ಧಾತುವಿನೊಡನೆ ಕಟ್ಟಿಕೊಳ್ಳದ ಸಾರಜನಕ) ವರ್ಗಮೂಲದ 354 ಪಟ್ಟು, ಇವುಗಳ ಮೊತ್ತಕ್ಕೆ 17.4 ಅನ್ನು ಮಿಲಿಮೀಟರಿನಲ್ಲಿರುವ ಗ್ರೇನ್ ಅಗಲದ ವರ್ಗಮೂಲದಿಂದ ಭಾಗಿಸಿ ಕೂಡಿಸಬೇಕು. ಗ್ರೇನ್ 20 ಮೈಕ್ರಾನ್, ಬಿಡಿ ಸಾರಜನಕ 0.004 ಎಂದಿಟ್ಟುಕೊಂಡರೆ 232 ಮೆಗಾಪ್ಯಾಸ್ಕಲ್. ಅದರ ಮೇಲೆ ಕಣಗಳ 84. ಒಟ್ಟು 316. ಮಾರಾಟದ ಅತಿ ಕೆಳಗಿನ ದರ್ಜೆ 310 ಇತ್ತು ಎಂಬುದನ್ನು ನೋಡಿದರೆ ಲೆಕ್ಕ ದಾರಿ ತಪ್ಪಿಲ್ಲ.

ಸಂಕ್ರಮಣ ತಾಪದ ಸೂತ್ರ ಮೈನಸ್ 19ರಿಂದ ಶುರುವಾಗುತ್ತದೆ. ಸಿಲಿಕಾನಿನ 44 ಪಟ್ಟು, ಬಿಡಿ ಸಾರಜನಕದ ವರ್ಗಮೂಲದ 700 ಪಟ್ಟು, ಪರ್ಲೈಟಿನ ಪ್ರತಿ ಶೇಕಡಾಕ್ಕೆ 2.2 ಡಿಗ್ರಿ ಸೇರುತ್ತವೆ. ಗ್ರೇನ್ ಅಂಶವನ್ನು ಮಾತ್ರ ಕಳೆಯಬೇಕು: 11.5 ಅನ್ನು ಗ್ರೇನ್ ಅಗಲದ ವರ್ಗಮೂಲದಿಂದ ಭಾಗಿಸಿದಷ್ಟು. ಶೇ. 0.20 ಇಂಗಾಲವೆಂದರೆ ಸುಮಾರು ಶೇ. 25 ಪರ್ಲೈಟ್, ಅದೊಂದರಿಂದಲೇ 55 ಡಿಗ್ರಿ. ಎಲ್ಲ ಸೇರಿ ಸಂಕ್ರಮಣ ತಾಪ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಕಣಗಳ 84 ಮೆಗಾಪ್ಯಾಸ್ಕಲ್ ತರುವ ಬಡ್ಡಿ 34 ಡಿಗ್ರಿ ಸೇರಿದರೆ ಅದು ಪ್ಲಸ್ 35ಕ್ಕೆ ಏರುತ್ತದೆ. ಸಾಮಾನ್ಯ ಹವೆಯಲ್ಲೇ ಪೆಡಸು. ಡೆಟ್ರಾಯಿಟ್‌ನ ಚಳಿಗಾಲದ ಮಾತು ಬೇರೆ ಹೇಳಬೇಕಿಲ್ಲ. ಇವು ಸೂತ್ರದಿಂದ ಬಂದ ಅಂಕಿಗಳು, ಒಂದು ನಿರ್ದಿಷ್ಟ ಪ್ಲೇಟಿನ ಪರೀಕ್ಷಾ ವರದಿಯಲ್ಲ. ಯಾವ ಅಂಶ ಎಷ್ಟು ಎಳೆಯುತ್ತದೆ ಎಂಬುದನ್ನು ಮಾತ್ರ ನಂಬುವಂತೆ ತೋರಿಸುತ್ತವೆ.

ತೆಳು ಹಾಳೆಗಳು ಯಾಕೆ ಪಾರಾದವು? ಅವು ಹೆಚ್ಚು ಪಾಸ್‌ಗಳಲ್ಲಿ, ಬೇಗ ತಣಿಯುತ್ತ, ಕಡಿಮೆ ತಾಪದಲ್ಲಿ ರೋಲ್ ಆಗುತ್ತಿದ್ದವು. ಯಾರೂ ಯೋಜಿಸದೆಯೇ ನಯೋಬಿಯಂ ಎರಡನೆಯ ಖಾತೆಗೂ ಹಂಚಿಕೆಯಾಗಿ ಗ್ರೇನ್ ಸಣ್ಣದಾಗುತ್ತಿತ್ತು. ಉತ್ತರ ಅಲ್ಲೇ ಇತ್ತು.

ಮೊದಲ ಮದ್ದು, ಅರ್ಧ ಗುಣ

ಪೆಡಸು ಪ್ಲೇಟಿಗೆ ಲೋಹತಜ್ಞರ ಹಳೆಯ ಮದ್ದು ನಾರ್ಮಲೈಸಿಂಗ್. ರೋಲ್ ಆದ ಪ್ಲೇಟನ್ನು ಮತ್ತೆ 900–920 ಡಿಗ್ರಿಗೆ ಕಾಯಿಸಿ ಗಾಳಿಯಲ್ಲಿ ಆರಿಸುವುದು. ನಯೋಬಿಯಂ ಉಕ್ಕಿಗೆ ಇದನ್ನು ಮಾಡಿದರೆ ಕಾರ್ಬೈಡ್ ಬಹುತೇಕ ಕರಗದೆ ಉಳಿದು ಗ್ರೇನ್ ಅಂಚುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಫೆರೈಟ್ 8 ಮೈಕ್ರಾನಿನ ಹತ್ತಿರಕ್ಕೆ ಬರುತ್ತದೆ. ಸಾರಜನಕವೂ ನಯೋಬಿಯಂ ಜೊತೆ ಕಟ್ಟಿಹೋಗಿದೆ ಎಂದುಕೊಂಡರೆ ಸಂಕ್ರಮಣ ತಾಪ ಮೈನಸ್ 90ರ ಆಸುಪಾಸು. ತಾಳಿಕೆ ಬಂತು.

ಈಗ ಬಲದ ಕಡೆ ನೋಡಬೇಕು. 920 ಡಿಗ್ರಿಯಲ್ಲಿ ಕರಗುವ ನಯೋಬಿಯಂ 0.002 ಮಾತ್ರ. ಫೆರೈಟಿನಲ್ಲಿ ಸೂಕ್ಷ್ಮವಾಗಿ ಬೀಳಲು ಏನೂ ಉಳಿದಿಲ್ಲ. ಹಳೆಯ ಕಣಗಳು ಉಬ್ಬಿ ಬಲಕ್ಕೆ ಹತ್ತು ಮೆಗಾಪ್ಯಾಸ್ಕಲ್ ಕೊಟ್ಟರೆ ಹೆಚ್ಚು. ಒಟ್ಟು 290ರ ಆಸುಪಾಸು. 300 ಗ್ರಾಂ ನಯೋಬಿಯಂ ಪೂರ್ತಿ ಮೊದಲ ಖಾತೆಗೆ ಹೋಯಿತು, ಮೇಲಿಂದ ಇನ್ನೊಂದು ಕುಲುಮೆಯ ಖರ್ಚು. ಗ್ರೇನ್ ಹಿಡಿಯುವ ಅದೇ ಕೆಲಸವನ್ನು ಅಲ್ಯೂಮಿನಿಯಂ ನೈಟ್ರೈಡ್ ಅಗ್ಗದಲ್ಲಿ ಮಾಡುತ್ತದೆ. ಹಾಗಿದ್ದರೆ ನಯೋಬಿಯಂ ಯಾಕೆ?

ಕುಲುಮೆಯ ತಾಪವನ್ನು 1150ಕ್ಕೆ ಇಳಿಸುವುದು ಇನ್ನೊಂದು ಪ್ರಯತ್ನ. ಆರಂಭದ ಗ್ರೇನ್ ಸಣ್ಣದಾಗುತ್ತದೆ, ಆದರೆ ಹಾಕಿದ ನಯೋಬಿಯಂನಲ್ಲಿ ಅರ್ಧ ಕರಗುವುದೇ ಇಲ್ಲ. ಶೇ. 0.20 ಇಂಗಾಲ ಇರುವವರೆಗೆ ಈ ಇಕ್ಕಟ್ಟು ಬಿಡದು.

ಹೊರಬಂದ ದಾರಿ

ಯುರೋಪಿನ ಕೆಲವು ಮಿಲ್ಲುಗಳು ಸಾಮಾನ್ಯ ಉಕ್ಕನ್ನೂ ಕಡಿಮೆ ತಾಪದಲ್ಲಿ ರೋಲ್ ಮಾಡಿ ತಾಳಿಕೆ ಪಡೆಯುತ್ತಿದ್ದವು. ಅದು ಕಷ್ಟದ ಕೆಲಸ. ನಯೋಬಿಯಂ ಇಲ್ಲದ ಆಸ್ಟೆನೈಟ್ ಪಾಸ್‌ನಿಂದ ಪಾಸ್‌ಗೆ ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಹೊಸ ಗ್ರೇನ್ ಕಟ್ಟಿಕೊಳ್ಳುತ್ತದೆ. ಅದು ನಿಲ್ಲಬೇಕೆಂದರೆ 850ಕ್ಕಿಂತ ಕೆಳಗೆ ಇಳಿಯಬೇಕು. ಅಲ್ಲಿ ಲೋಹ ಗಟ್ಟಿ, ಹಳೆಯ ಮಿಲ್ಲಿಗೆ ತಡೆಯದು. ನಯೋಬಿಯಂ ಈ ಗೆರೆಯನ್ನೇ ಮೇಲಕ್ಕೆತ್ತಿತು. ಅದರ ಪರಮಾಣು ಕಬ್ಬಿಣದ್ದಕ್ಕಿಂತ ಸುಮಾರು ಶೇ. 15 ದೊಡ್ಡದು. ಕರಗಿದ್ದಾಗ ಗ್ರೇನ್ ಅಂಚುಗಳಲ್ಲಿ ಸೇರಿಕೊಂಡು ಅವುಗಳ ಚಲನೆಗೆ ಭಾರವಾಗುತ್ತದೆ. ರೋಲಿಂಗ್‌ನಲ್ಲಿ ಹುಟ್ಟಿದ ಡಿಸ್‌ಲೊಕೇಶನ್‌ಗಳ ಮೇಲೆ ಕಣವಾಗಿ ಬಿದ್ದಾಗ ಅವನ್ನು ಕಟ್ಟಿಹಾಕುತ್ತದೆ. ಹೀಗಾಗಿ 950–1000 ಡಿಗ್ರಿಯಿಂದ ಕೆಳಗೆ ಪುನರ್‌ಹರಳೀಕರಣ ನಿಲ್ಲುತ್ತದೆ. ಆ ಗೆರೆಯ ಕೆಳಗೆ ಕೊಟ್ಟ ಪ್ರತಿ ಪಾಸ್ ಕೂಡಿಕೊಳ್ಳುತ್ತ ಹೋಗುತ್ತದೆ. 40 ಮೈಕ್ರಾನಿನ ಆಸ್ಟೆನೈಟ್ ಗ್ರೇನ್ ಶೇ. 70 ಒತ್ತಿದರೆ 12 ಮೈಕ್ರಾನ್ ದಪ್ಪದ ಬಿಲ್ಲೆಯಾಗುತ್ತದೆ. ಅದರ ಎರಡೂ ಮುಖಗಳಿಂದ, ಒಳಗಿನ ವಿರೂಪ ಪಟ್ಟಿಗಳಿಂದ ಫೆರೈಟ್ ಹುಟ್ಟಿ 5 ಮೈಕ್ರಾನಿನಲ್ಲೇ ಒಂದಕ್ಕೊಂದು ಎದುರಾಗಿ ನಿಲ್ಲುತ್ತದೆ.

20ರಿಂದ 5 ಮೈಕ್ರಾನಿಗೆ ಇಳಿದರೆ ಗ್ರೇನ್ ಪಾಲಿನ ಬಲ 123ರಿಂದ 246 ಮೆಗಾಪ್ಯಾಸ್ಕಲ್‌ಗೆ ಏರುತ್ತದೆ, ಸಂಕ್ರಮಣ ತಾಪ 81 ಡಿಗ್ರಿ ಕೆಳಗಿಳಿಯುತ್ತದೆ. ನಿಯಂತ್ರಿತ ರೋಲಿಂಗ್ ಎಂದು ಕರೆಯುವ ಈ ಪದ್ಧತಿಗೆ ನಯೋಬಿಯಂ ಅಷ್ಟು ಹೊಂದಿಕೊಂಡದ್ದು ಈ ಕಾರಣಕ್ಕೆ.

ಉಳಿದದ್ದು ಇಂಗಾಲದ ಇಕ್ಕಟ್ಟು. ಬಲಕ್ಕಾಗಿ ಇಂಗಾಲವನ್ನು ನೆಚ್ಚಬೇಕಿಲ್ಲ ಎಂದಾದ ಮೇಲೆ ಅದನ್ನು 0.10ರ ಕೆಳಗೆ ತರಲು ಅಡ್ಡಿಯಿರಲಿಲ್ಲ. ಇಂಗಾಲ ಇಳಿದಾಗ ಪರ್ಲೈಟ್ ಕಡಿಮೆಯಾಗಿ ತಾಳಿಕೆ ಹೆಚ್ಚಿತು, ಬೆಸುಗೆ ಸುಲಭವಾಯಿತು, ಎಲ್ಲಕ್ಕಿಂತ ಮುಖ್ಯವಾಗಿ ಅದೇ ನಯೋಬಿಯಂ ನೂರು ಡಿಗ್ರಿ ಕಡಿಮೆ ತಾಪದಲ್ಲಿ ಪೂರ್ತಿ ಕರಗತೊಡಗಿತು. ಕಡಿಮೆ ಇಂಗಾಲದಿಂದ ಬೆಸುಗೆಗೆ ಆಗುವ ಲಾಭವನ್ನಷ್ಟೇ ಹೇಳುವುದು ವಾಡಿಕೆ. ಕುಲುಮೆಯಲ್ಲಿ ಆಗುವ ಲಾಭ ಅದಕ್ಕೆ ಸರಿಸಮ.

ಇಂದಿನ 20 ಮಿಲಿಮೀಟರ್ ಪ್ಲೇಟ್

ಇದೇ ಪಾಠದ ಮೇಲೆ ಇಂದು ರೂಪಿಸುವ ಒಂದು ಮಾದರಿ ರಸಾಯನ ಹೀಗಿರುತ್ತದೆ: ಇಂಗಾಲ 0.07, ಮ್ಯಾಂಗನೀಸ್ 1.45, ಸಿಲಿಕಾನ್ 0.25, ನಯೋಬಿಯಂ 0.040, ಟೈಟೇನಿಯಂ 0.015, ಅಲ್ಯೂಮಿನಿಯಂ 0.03, ಸಾರಜನಕ 0.0045, ಗಂಧಕ 0.003ಕ್ಕಿಂತ ಕಡಿಮೆ. ಇಂಗಾಲಕ್ಕೆ ಮ್ಯಾಂಗನೀಸಿನ ಆರನೆಯ ಒಂದು ಪಾಲು ಕೂಡಿಸಿದರೆ ಬೆಸುಗೆಯವರು ನೋಡುವ ಇಂಗಾಲ ಸಮಾನಾಂಕ 0.31.

ಟೈಟೇನಿಯಂನ 0.015 ಕೈಗೆ ಬಂದಂತೆ ಹಾಕಿದ್ದಲ್ಲ. ಸಾರಜನಕದ 3.42 ಪಟ್ಟು ಟೈಟೇನಿಯಂ ಇದ್ದರೆ ಎರಡೂ ಸರಿಯಾಗಿ ಕಟ್ಟಿಕೊಳ್ಳುತ್ತವೆ. 0.0045 ಸಾರಜನಕಕ್ಕೆ ಅದು 0.0154. ಹೀಗೆ ಹುಟ್ಟಿದ ಟೈಟೇನಿಯಂ ನೈಟ್ರೈಡ್ 1400 ಡಿಗ್ರಿಯಲ್ಲೂ ಕರಗದೆ ಕುಲುಮೆಯಲ್ಲಿ, ಆಮೇಲೆ ಬೆಸುಗೆಯ ಪಕ್ಕದ ಕಾದ ವಲಯದಲ್ಲಿ ಗ್ರೇನ್ ಬೆಳೆಯದಂತೆ ಹಿಡಿಯುತ್ತದೆ. ಮೊದಲ ಖಾತೆಯ ಕೆಲಸ ಟೈಟೇನಿಯಂ ಪಾಲಿಗೆ ಹೋಯಿತು, ನಯೋಬಿಯಂ ಪೂರ್ತಿ ಉಳಿದೆರಡಕ್ಕೆ ಸಿಕ್ಕಿತು. ಟೈಟೇನಿಯಂ 0.03 ದಾಟಿದರೆ ನೈಟ್ರೈಡ್ ದ್ರವ ಉಕ್ಕಿನಲ್ಲೇ ಹುಟ್ಟಿ ಮೈಕ್ರಾನ್ ಗಾತ್ರದ ಚೌಕ ಕಣಗಳಾಗುತ್ತದೆ. ಅವು ಯಾವ ಅಂಚನ್ನೂ ಹಿಡಿಯುವುದಿಲ್ಲ. ಬಿರುಕು ಶುರುವಾಗುವುದು ಅವುಗಳ ಮೂಲೆಯಿಂದಲೇ.

ಲ್ಯಾಡಲ್‌ನಲ್ಲಿ (ದ್ರವ ಉಕ್ಕು ತುಂಬುವ ಪಾತ್ರೆ): 100 ಟನ್ನಿಗೆ 0.040 ಅಂದರೆ 40 ಕಿಲೋ ನಯೋಬಿಯಂ. ಸಿಗುವುದು ಶೇ. 65ರ ಫೆರೋನಯೋಬಿಯಂ. ಶೇ. 95 ಉಳಿಯುತ್ತದೆಂದು ಹಿಡಿದರೆ 65 ಕಿಲೋ ಹಾಕಬೇಕು. ಫೆರೋನಯೋಬಿಯಂ ಕರಗುವ ತಾಪ ದ್ರವ ಉಕ್ಕಿನ ತಾಪಕ್ಕೆ ಸಮ ಅಥವಾ ಮೇಲೆ. ಹಾಗಾಗಿ ಅದು ಸಕ್ಕರೆಯಂತೆ ಮೇಲ್ಮೈಯಿಂದ ನಿಧಾನವಾಗಿ ಕರಗಬೇಕು. ಅಲ್ಯೂಮಿನಿಯಂ ಹಾಕಿ ಆಮ್ಲಜನಕ ಇಳಿಸಿದ ಮೇಲೆ, ಸಣ್ಣ ತುಂಡುಗಳನ್ನು ಆರ್ಗಾನ್ ಕಣ್ಣಿನೊಳಕ್ಕೆ, ಅಂದರೆ ಕೆಳಗಿಂದ ಊದಿದ ಆರ್ಗಾನ್ ಅನಿಲ ಕಿಟ್ಟವನ್ನು ಸರಿಸಿದ ಜಾಗಕ್ಕೆ, ಹಾಕಿ ಕೆಲವು ನಿಮಿಷ ಕಲಕುವುದು ಕ್ರಮ. ದೊಡ್ಡ ಗಟ್ಟಿಗಳನ್ನು ಕೊನೆ ಗಳಿಗೆಯಲ್ಲಿ ಎಸೆದರೆ ಕರಗದ ತುಣುಕು ಸ್ಲ್ಯಾಬಿನಲ್ಲಿ, ಅಂದರೆ ರೋಲಿಂಗ್‌ಗೆ ಹೋಗುವ ಎರಕದ ದಪ್ಪ ಹಲಗೆಯಲ್ಲಿ, ಉಳಿಯುತ್ತದೆ.

ಕುಲುಮೆಯಲ್ಲಿ: ಸಾರಜನಕವೆಲ್ಲ ಟೈಟೇನಿಯಂ ಹಿಡಿತದಲ್ಲಿದೆ ಎಂದು ಬಿಟ್ಟರೆ ಕರಗುವ ತಾಪ 1134 ಡಿಗ್ರಿ. ಸ್ಲ್ಯಾಬಿನ ನಡುಭಾಗ 1160–1180 ತಲುಪಿ ಅರ್ಧ ಗಂಟೆಯಾದರೂ ನಿಲ್ಲಬೇಕು. ಒಳಗೆ ನೀರು ಹರಿಯುವ ಕಂಬಿಗಳ ಮೇಲೆ ಸ್ಲ್ಯಾಬ್ ಕೂರುವ ಜಾಗದಲ್ಲಿ ಸ್ಕಿಡ್ ಗುರುತು, ಅಂದರೆ ಕಡಿಮೆ ಕಾದ ಪಟ್ಟಿ, ಬೀಳುತ್ತದೆ. ಅಲ್ಲಿ ತಾಪ ಒಂದಿಷ್ಟು ಕಡಿಮೆಯಿದ್ದರೂ 1134ರ ಮೇಲೆ ಉಳಿಯಲಿ ಎಂದೇ ಈ ಅಂತರ. ಪ್ಲೇಟಿನ ಉದ್ದಕ್ಕೂ ಬಲ ಅಲೆಅಲೆಯಾಗಿ ಏರಿಳಿಯುತ್ತಿದ್ದರೆ, ಆ ಅಲೆಯ ಅಂತರವನ್ನು ಕಂಬಿಗಳ ಅಂತರದೊಡನೆ ಹೋಲಿಸಿ ನೋಡಬೇಕು. ಕಾರಣ ಬಹುಪಾಲು ಅಲ್ಲಿರುತ್ತದೆ.

ಮಿಲ್ಲಿನಲ್ಲಿ: ಬೊರಾಟ್ಟೊ ಸೂತ್ರದಂತೆ ಈ ರಸಾಯನಕ್ಕೆ ಪುನರ್‌ಹರಳೀಕರಣ ನಿಲ್ಲುವ ತಾಪ 980ರ ಆಸುಪಾಸು. ರಫಿಂಗ್, ಅಂದರೆ ಮೊದಲ ಹಂತದ, ಪಾಸ್‌ಗಳನ್ನೆಲ್ಲ 1050ರ ಮೇಲೆ ಮುಗಿಸಬೇಕು. ಕೊನೆಯವು ಭಾರಿ ಒತ್ತಿನವಾಗಿರಬೇಕು, ಪ್ರತಿ ಪಾಸ್‌ಗೂ ಗ್ರೇನ್ ಪೂರ್ತಿ ಹೊಸದಾಗಬೇಕು. ಆಮೇಲೆ 60 ಮಿಲಿಮೀಟರ್ ದಪ್ಪದಲ್ಲಿ ತಡೆದು ನಿಲ್ಲಿಸಬೇಕು. ಅಷ್ಟು ದಪ್ಪದ ಪ್ಲೇಟ್ ಗಾಳಿಯಲ್ಲಿ ಸೆಕೆಂಡಿಗೆ ಒಂದು ಡಿಗ್ರಿಗಿಂತ ನಿಧಾನವಾಗಿ ತಣಿಯುವುದರಿಂದ 900ಕ್ಕೆ ಇಳಿಯಲು ಮೂರೂವರೆ–ನಾಲ್ಕು ನಿಮಿಷ ಬೇಕು. ಉತ್ಪಾದನೆಯ ಒತ್ತಡವಿದ್ದಾಗ ಎಲ್ಲರ ಕಣ್ಣು ಬೀಳುವುದು ಈ ನಾಲ್ಕು ನಿಮಿಷದ ಮೇಲೆ. ಎರಡೇ ನಿಮಿಷಕ್ಕೆ ಬಿಟ್ಟು 960–970ರಲ್ಲಿ ಪಾಸ್ ಕೊಟ್ಟರೆ ಕೆಲವು ಗ್ರೇನ್ ಹೊಸದಾಗಿ, ಕೆಲವು ಹಳೆಯದಾಗಿಯೇ ಉಳಿದು ಮಿಶ್ರ ಗ್ರೇನ್ ಹುಟ್ಟುತ್ತದೆ. ಬಲದ ಪರೀಕ್ಷೆ ಪಾಸಾಗುತ್ತದೆ. ಚಾರ್ಪಿಯಲ್ಲಿ ಮೂರು ತುಂಡುಗಳಲ್ಲಿ ಎರಡು ಚೆನ್ನಾಗಿ ಬಂದು ಒಂದು ತೀರ ಕೆಳಗೆ ಬೀಳುತ್ತದೆ. ಇಂಥ ಚದುರಿದ ಫಲಿತಾಂಶ ಕಂಡರೆ ರಸಾಯನವನ್ನು ದೂರುವ ಮೊದಲು ತಡೆದ ತಾಪದ ದಾಖಲೆ ತೆಗೆಯಬೇಕು.

900ರಿಂದ 820ರವರೆಗೆ 60ನ್ನು 20 ಮಿಲಿಮೀಟರಿಗೆ ತರುವುದು, ಅಂದರೆ ಶೇ. 67 ಒತ್ತು. ಫೆರೈಟ್ ಹುಟ್ಟತೊಡಗುವ ತಾಪ, ಔಚಿ ಸೂತ್ರದಂತೆ, ಸುಮಾರು 775. ಅದರ ಕೆಳಗೂ ರೋಲ್ ಮಾಡಿದರೆ ಬಲ ಇನ್ನೂ ಏರುತ್ತದೆ, ಆದರೆ ಫೆರೈಟ್ ಎಳೆದುಕೊಂಡು ಮುರಿದ ಮುಖದಲ್ಲಿ ಪ್ಲೇಟಿಗೆ ಸಮಾನಾಂತರವಾದ ಪದರು ಸೀಳುಗಳು ಕಾಣಿಸುತ್ತವೆ. ಮುಗಿದೊಡನೆ 780ರ ಮೇಲಿಂದಲೇ ನೀರಿನ ತಣಿಸುವಿಕೆ ಶುರುವಾಗಿ, ಸೆಕೆಂಡಿಗೆ 10–15 ಡಿಗ್ರಿಯಂತೆ 550ರ ಆಸುಪಾಸಿಗೆ ಇಳಿಯಬೇಕು. ಸುರುಳಿ ಸುತ್ತುವ ಹಾಟ್ ಸ್ಟ್ರಿಪ್ ಮಿಲ್ಲಿನಲ್ಲಾದರೆ 580–620ರಲ್ಲಿ ಸುತ್ತಿದಾಗ ಫೆರೈಟ್ ಕಣಗಳಿಂದ ಸಿಗುವ ಬಲ ಹೆಚ್ಚು. 700ರಲ್ಲಿ ಸುತ್ತಿದರೆ ಸುರುಳಿ ಗಂಟೆಗಟ್ಟಲೆ ಬಿಸಿಯಾಗಿದ್ದು ಕಣ ಉಬ್ಬುತ್ತದೆ. 500ರ ಕೆಳಗೆ ಸುತ್ತಿದರೆ ನಯೋಬಿಯಂ ಹೊರಬರಲಾಗದೆ ಕರಗಿದಂತೆಯೇ ಹೆಪ್ಪುಗಟ್ಟುತ್ತದೆ.

ನಯೋಬಿಯಂನಲ್ಲಿ ಅರ್ಧ ರೋಲಿಂಗ್‌ಗೆ ಖರ್ಚಾಗಿ ಅರ್ಧ ಫೆರೈಟಿಗೆ ಉಳಿಯಿತೆಂದು ಹಿಡಿದರೆ, ಅದೇ ಪಿಕರಿಂಗ್ ಲೆಕ್ಕದಲ್ಲಿ ಗ್ರೇನ್ ಮತ್ತು ರಸಾಯನದಿಂದ 367, ಕಣಗಳಿಂದ 68, ಒಟ್ಟು 435 ಮೆಗಾಪ್ಯಾಸ್ಕಲ್. ಸಂಕ್ರಮಣ ತಾಪ ಲೆಕ್ಕದ ಮೇಲೆ ಮೈನಸ್ 120ರ ಸಮೀಪ. ಕಣಗಳ ಬಡ್ಡಿ ಇಲ್ಲೂ 27 ಡಿಗ್ರಿಯಷ್ಟು ಬೀಳುತ್ತದೆ. ಆದರೆ ಗ್ರೇನ್ ಮೊದಲೇ ಕೂಡಿಟ್ಟ 163 ಡಿಗ್ರಿಯ ಗಂಟಿನಿಂದ ಅದನ್ನು ತೀರಿಸಬಹುದು. ನಿಜವಾದ ಪ್ಲೇಟಿನಲ್ಲಿ ಕಶ್ಮಲ ಮತ್ತು ಗ್ರೇನ್ ಏರುಪೇರಿನಿಂದ ಈ ಅಂಕಿ ಒಂದಿಷ್ಟು ಹಿಂದೆ ಬೀಳುವುದು ಸಹಜ.

ಎರಕದ ಬಿರುಕು, ಮತ್ತು ವೆನೇಡಿಯಂ ಎಲ್ಲಿ

ದ್ರವ ಉಕ್ಕನ್ನು ನಿಲ್ಲದ ಎಳೆಯಾಗಿ ಎರಕ ಹೊಯ್ಯುವ ಕಂಟಿನ್ಯುಯಸ್ ಕಾಸ್ಟಿಂಗ್ ಬಂದ ಮೇಲೆ ನಯೋಬಿಯಂ ಉಕ್ಕಿಗೆ ಹೊಸ ತೊಂದರೆಯೊಂದು ಸೇರಿತು. ಬಾಗಿದ ಎಳೆಯನ್ನು ನೇರ ಮಾಡುವಾಗ ಸ್ಲ್ಯಾಬಿನ ಮೇಲ್ಮೈ, ವಿಶೇಷವಾಗಿ ಬೇಗ ತಣಿಯುವ ಮೂಲೆ, 700–900 ಡಿಗ್ರಿಯ ನಡುವೆ ಇದ್ದರೆ ಅಡ್ಡ ಬಿರುಕು ಬೀಳುತ್ತದೆ. ಆ ತಾಪದಲ್ಲಿ ನಯೋಬಿಯಂ ಕಾರ್ಬೋನೈಟ್ರೈಡ್ ಆಸ್ಟೆನೈಟ್ ಅಂಚುಗಳಲ್ಲಿ ಸಾಲುಗಟ್ಟುತ್ತದೆ, ಅಂಚಿನ ಉದ್ದಕ್ಕೂ ಮೃದುವಾದ ತೆಳು ಫೆರೈಟ್ ಪದರ ಹುಟ್ಟುತ್ತದೆ. ಎಳೆತವೆಲ್ಲ ಆ ಪದರದ ಮೇಲೆ ಬೀಳುತ್ತದೆ. ನೇರ ಮಾಡುವ ಜಾಗದಲ್ಲಿ ಮೂಲೆ 900ರ ಮೇಲಿರುವಂತೆ ನೀರನ್ನು ಹೊಂದಿಸುವುದು, ಸಾರಜನಕ ಇಳಿಸುವುದು, ಅಚ್ಚಿನ ಕಂಪನದ ಗುರುತುಗಳು ಆಳವಾಗದಂತೆ ನೋಡುವುದು, ಇವೇ ಪರಿಹಾರ. ಟೈಟೇನಿಯಂ ಸಾರಜನಕವನ್ನು ಮೊದಲೇ ಕಟ್ಟಿಹಾಕುವುದು ಇಲ್ಲೂ ನೆರವಾಗುತ್ತದೆ.

ಉದ್ದಕ್ಕೆ ಎಳೆದುಕೊಳ್ಳುವ ಮ್ಯಾಂಗನೀಸ್ ಸಲ್ಫೈಡ್ ಇನ್ನೊಂದು ತೊಂದರೆ. ಕಡಿಮೆ ತಾಪದಲ್ಲಿ ರೋಲ್ ಮಾಡಿದಷ್ಟೂ ಅದು ದಾರದಂತಾಗಿ ಅಡ್ಡ ದಿಕ್ಕಿನ ತಾಳಿಕೆಯನ್ನು ತಿನ್ನುತ್ತದೆ. ಗಂಧಕ ಇಳಿಸಿ, ಉಳಿದದ್ದನ್ನು ಕ್ಯಾಲ್ಸಿಯಂ ತಂತಿ ಕೊಟ್ಟು ದುಂಡಗಿನ ಸಲ್ಫೈಡ್ ಮಾಡದೆ ನಿಯಂತ್ರಿತ ರೋಲಿಂಗ್‌ನ ಪೂರ್ತಿ ಫಲ ಸಿಗುವುದಿಲ್ಲ.

ನಿಯಂತ್ರಿತ ರೋಲಿಂಗ್‌ಗೆ ಅವಕಾಶವೇ ಇಲ್ಲದ ಕಡೆ ನಯೋಬಿಯಂ ಬದಲು ವೆನೇಡಿಯಂ ಆರಿಸುವುದು ಲೇಸು. ಫೋರ್ಜಿಂಗ್, ಸರಳು, ಆ್ಯಂಗಲ್, ಬೀಮ್ ಇವೆಲ್ಲ 950–1000ರ ಮೇಲೇ ಮುಗಿಯುತ್ತವೆ. ವೆನೇಡಿಯಂ ಆಸ್ಟೆನೈಟಿನಲ್ಲಿ ಸುಲಭವಾಗಿ ಕರಗುತ್ತದೆ. ರೋಲಿಂಗ್ ಮುಗಿಯುವವರೆಗೂ ಕರಗಿಯೇ ಇದ್ದು ಪೂರ್ತಿ ಫೆರೈಟಿನಲ್ಲಿ ಹೊರಬೀಳುತ್ತದೆ. ಅದಕ್ಕೆ ಸಾರಜನಕ ಶತ್ರುವಲ್ಲ, ಜೊತೆಗಾರ. ತೂಕದಲ್ಲಿ ಸಾರಜನಕದ 3.64 ಪಟ್ಟು ವೆನೇಡಿಯಂ ಎಂಬ ಅನುಪಾತಕ್ಕೆ ಹತ್ತಿರವಾದಷ್ಟೂ ಕಣಗಳು ಸೂಕ್ಷ್ಮ, ಸಂಖ್ಯೆಯೂ ಹೆಚ್ಚು. ಭಾರತಕ್ಕೆ ನಯೋಬಿಯಂ ಹೊರಗಿನಿಂದಲೇ ಬರಬೇಕು. ವೆನೇಡಿಯಂ ಬೆರೆತ ಟೈಟೇನಿಯಂ ಮ್ಯಾಗ್ನೆಟೈಟ್ ಮಾತ್ರ ಚನ್ನಗಿರಿ ಕಡೆಯ ಮಾಸಣಿಕೆರೆ, ಉಬ್ರಾಣಿ ಸುತ್ತಿನ ನೆಲದಲ್ಲೂ ಇದೆ. ಕಟ್ಟಡ ಉಕ್ಕಿಗೆ ಭಾರತದ ಐಎಸ್ 2062 ಮಾನಕ ನಯೋಬಿಯಂ, ವೆನೇಡಿಯಂ, ಟೈಟೇನಿಯಂ ಮೂರನ್ನೂ ಒಂಟಿಯಾಗಿ ಅಥವಾ ಕೂಡಿಸಿ ಹಾಕಲು ಬಿಡುತ್ತದೆ. ಹಾಗಾಗಿ ಅದರ ಇ350 ಅಥವಾ ಇ450 ದರ್ಜೆಯ ಪ್ಲೇಟ್ ಕೊಳ್ಳುವವರು ಪರೀಕ್ಷಾ ಪತ್ರದಲ್ಲಿ ಯೀಲ್ಡ್ ಬಲ ನೋಡಿ ನಿಲ್ಲಬಾರದು. ಯಾವ ಧಾತು ಎಷ್ಟಿದೆ, ಪ್ಲೇಟ್ ಬಂದದ್ದು ರೋಲ್ ಆದಂತೆಯೋ, ನಾರ್ಮಲೈಸ್ ಆಗಿಯೋ, ನಿಯಂತ್ರಿತ ರೋಲಿಂಗ್‌ನಿಂದಲೋ ಎಂಬ ಸಾಲನ್ನೂ ಓದಬೇಕು. ನಿಯಂತ್ರಿತ ರೋಲಿಂಗ್‌ನ ಪ್ಲೇಟನ್ನು ಬಿಸಿಯಾಗಿ ಬಾಗಿಸಲು 900 ಡಿಗ್ರಿಗೆ ಕಾಯಿಸಿದರೆ, ಬಿಲ್ಲೆಯಾಗಿದ್ದ ಆಸ್ಟೆನೈಟಿನಿಂದ ಬಂದ 5 ಮೈಕ್ರಾನಿನ ಫೆರೈಟ್ ಅಳಿಸಿಹೋಗುತ್ತದೆ, ಸೂಕ್ಷ್ಮ ಕಣಗಳು ಉಬ್ಬುತ್ತವೆ, ಮತ್ತು ಪ್ರಮಾಣಪತ್ರದಲ್ಲಿ ಬರೆದ ಬಲ ಆ ಪ್ಲೇಟಿನಲ್ಲಿ ಇರುವುದಿಲ್ಲ. ಅಂಥ ಕೆಲಸಕ್ಕೆ ನಾರ್ಮಲೈಸ್ ಆದ ದರ್ಜೆಯನ್ನೇ ಕೇಳಿ ತರಿಸಬೇಕು.